ರೆಪ್ಪೆಗೆ ತೊಡೆಯ ಚರ್ಮ ಹಚ್ಚಿದರೆ ಸಾಲದೇ?

ಪ್ರಶ್ನೆ: ತಂದೆಯವರ ಕೆಳರೆಪ್ಪೆಯ ಮುಕ್ಕಾಲು ಭಾಗವನ್ನು ಕ್ಯಾನ್ಸರ್ ಗಂಟಿನೊಂದಿಗೆ ತೆಗೆಯಬೇಕಂತೆ. ಹೊಸ ರೆಪ್ಪೆ ಕಟ್ಟಲು ಆ ಕಣ್ಣು ಒಂದು ತಿಂಗಳು ಮುಚ್ಚಿರಬೇಕು ಎನ್ನುತ್ತಾರೆ. ತೊಡೆಯ ಚರ್ಮ ತಂದು ಹಚ್ಚಿದರೆ ಸಾಲದೇ?

ಸಾಲದು. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಪ್ರಶ್ನೆಯ ಹಿಂದೆ ಅದೇ ತಪ್ಪು ತಿಳಿವಳಿಕೆ: ರೆಪ್ಪೆ ಎಂದರೆ ಬರೀ ಚರ್ಮ.

ಕೈ ತೊಳೆದುಕೊಂಡು, ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ತುಸು ಎಳೆಯಿರಿ. ಒಳಗೆ ಕೆಂಪಗೆ, ಒದ್ದೆಯಾಗಿ ಕಾಣುವುದು ಚರ್ಮವೇ? ಅಲ್ಲ, ತೆಳುವಾದ ಪೊರೆ. ಅದಕ್ಕೆ ಅಂಟಿಕೊಂಡು ಗಟ್ಟಿಯಾದ ಪಟ್ಟಿಯೊಂದಿದೆ; ಮೇಲ್ರೆಪ್ಪೆಯಲ್ಲಿ ಸುಮಾರು 10 ಮಿ.ಮೀ. ಎತ್ತರ, ಕೆಳರೆಪ್ಪೆಯಲ್ಲಿ ಸುಮಾರು 4. ರೆಪ್ಪೆ ಜೋತುಬೀಳದೆ ನಿಲ್ಲುವುದು ಅದರ ಬಲದಿಂದ. ಪೊರೆ, ಪಟ್ಟಿ ಸೇರಿದ ಈ ಒಳಪದರವಿಲ್ಲದೆ ಚರ್ಮವೊಂದನ್ನೇ ಹೊಲಿದರೆ ಅದು ಸುಕ್ಕುಗಟ್ಟಿ ಜಗ್ಗುತ್ತದೆ, ಕರಿಗುಡ್ಡೆಯನ್ನು ಉಜ್ಜಿ ಹುಣ್ಣು ಮಾಡುತ್ತದೆ. ಕ್ಯಾನ್ಸರ್‌ನಿಂದ ಉಳಿದ ಕಣ್ಣನ್ನು ಹೊಲಿಗೆಯಿಂದ ಕಳೆದುಕೊಂಡಂತಾಗುತ್ತದೆ. ಹೊರಪದರಕ್ಕೂ ತೊಡೆಯ ಚರ್ಮ ಒಗ್ಗದು, ಅದು ದಪ್ಪ. ಕಿವಿಯ ಹಿಂದಿನದು ಅಥವಾ ಇನ್ನೊಂದು ಕಣ್ಣಿನ ಮೇಲ್ರೆಪ್ಪೆಯದು ಬೇಕು.

‘ಹಾಗಾದರೆ ಒಳಪದರ, ಹೊರಪದರ ಎರಡನ್ನೂ ಬೇರೆಡೆಯಿಂದ ತನ್ನಿ’ ಎನ್ನುವವರಿದ್ದಾರೆ. ಕತ್ತರಿಸಿ ತಂದ ತುಂಡು ಬೇರಿಲ್ಲದ ಸಸಿ. ರಕ್ತ ಹರಿಯುವ ಪದರದ ಮೇಲೆ ಕೂರಿಸಿದರೆ ಮಾತ್ರ ಬದುಕುತ್ತದೆ. ಎರಡೂ ಬೇರಿಲ್ಲದವಾದರೆ ಎರಡೂ ಕೊಳೆಯುತ್ತವೆ. ಮಲ್ಲಿಗೆಯ ಬಳ್ಳಿಯನ್ನು ತಾಯಿಗಿಡದಿಂದ ಕಡಿಯದೆ ಮಣ್ಣಿಗೆ ಬಾಗಿಸಿ ಬೇರು ಬರಿಸುವುದನ್ನು ನೋಡಿದ್ದೀರಲ್ಲ? ಅಮೆರಿಕದ ನೇತ್ರತಜ್ಞ ವೆಂಡೆಲ್ ಹ್ಯೂಸ್ 1937ರಲ್ಲಿ ತಿಳಿಸಿದ ವಿಧಾನ ಹಾಗೆಯೇ ಇದೆ. ಮೇಲ್ರೆಪ್ಪೆಯ ಒಳಪದರದಿಂದ ಒಂದು ಪಟ್ಟಿಯನ್ನು ಬುಡ ಕಡಿಯದೆ ಕೆಳಗಿಳಿಸಿ ಖಾಲಿ ಜಾಗಕ್ಕೆ ಹೊಲಿಯುತ್ತಾರೆ, ಮೇಲೆ ಚರ್ಮ ಕೂರಿಸುತ್ತಾರೆ. ಹೊಸ ಜಾಗದಲ್ಲಿ ರಕ್ತನಾಳಗಳು ಕೂಡಿಕೊಳ್ಳುವವರೆಗೆ, ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಆ ಪಟ್ಟಿ ಕಣ್ಣಿಗೆ ಅಡ್ಡಲಾಗಿರುತ್ತದೆ. ಆಮೇಲೆ ಅದನ್ನು ಬಿಡಿಸುತ್ತಾರೆ. ಅದರ ಹಿಂದೆ ಕಣ್ಣುಗುಡ್ಡೆ ಸುರಕ್ಷಿತವಾಗಿರುತ್ತದೆ. ದೊಡ್ಡವರಲ್ಲಿ ಇಷ್ಟು ದಿನ ಕಣ್ಣು ಮುಚ್ಚಿದ್ದರಿಂದ ದೃಷ್ಟಿ ಕುಂದುವುದಿಲ್ಲ. ಇನ್ನೊಂದು ಕಣ್ಣು ಕಾಣದವರಿಗೆ ಮಾತ್ರ ಬೇರೆ ದಾರಿ ಹುಡುಕಬೇಕಾಗುತ್ತದೆ. ಹೊಸ ಅಂಚಿನಲ್ಲಿ ಕೂದಲು ಬರುವುದಿಲ್ಲ, ಅದನ್ನು ಮೊದಲೇ ತಿಳಿದಿರಿ. ರೆಪ್ಪೆಯ ಕಾಲುಭಾಗದಷ್ಟೇ ಹೋಗಿದ್ದರೆ ಇದಾವುದೂ ಬೇಡ, ಅಂಚುಗಳನ್ನು ನೇರವಾಗಿ ಕೂಡಿಸಿ ಹೊಲಿಯಬಹುದು.

ನೀವು ಕೇಳದ ಒಂದು ಮಾತು. ಗಂಟು ಚಿಕ್ಕದಿದ್ದಾಗಲೇ ಬರುವವರು ಏಕೆ ಕಡಿಮೆ? ನಮ್ಮ ದೇಶದಲ್ಲಿ ರೆಪ್ಪೆಯ ಎಣ್ಣೆಗ್ರಂಥಿಗಳ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ಅದು ನೋಡಲು ಸಾಧಾರಣ ಕುರುವಿನಂತೆಯೇ ಇರುತ್ತದೆ, ಹಲವು ಸಲ ನೋವೂ ಇರುವುದಿಲ್ಲ. ಜನ ತಿಂಗಳುಗಟ್ಟಲೆ ಶಾಖ ಕೊಡುತ್ತಾ ಕೂರುತ್ತಾರೆ. ಕುರು ತೆಗೆಸಿದ ಜಾಗದಲ್ಲೇ ಮತ್ತೆ ಎದ್ದರೆ, ಅಲ್ಲಿನ ರೆಪ್ಪೆಗೂದಲು ಉದುರಿದರೆ, ತೆಗೆದ ತುಣುಕನ್ನು ಬಯಾಪ್ಸಿಗೆ ಕಳುಹಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.