12 ಪುಟದ ಪಿಡಿಎಫ್‌ಗೆ ಎಷ್ಟು ಕೊಡಬೇಕು?

ಮೇಜಿನ ಸುತ್ತ ನಾಲ್ಕೈದು ಜನ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟಕ್ಕೆ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. ಇದಕ್ಕೆ ದಪ್ಪ ದಪ್ಪ ನಿಯಮ ಪುಸ್ತಕಗಳಿವೆ. ಜೊತೆಗೆ ಪುಟಾಣಿ ಪಿಡಿಎಫ್‌ಗಳ ಒಂದು ಸಂತೆಯೇ ಇದೆ. ಒಂದು ಸಂಜೆಗಾಗುವ ಸಾಹಸ, ಒಂದಿಷ್ಟು ಹೊಸ ರಾಕ್ಷಸರು, ಒಂದೇ ಹಾಳೆಯಲ್ಲಿ ಮುಗಿಯುವ ಪೂರ್ತಿ ಆಟ. ಇಂಥದ್ದಕ್ಕೆ 3 ಡಾಲರ್ ಇಟ್ಟರೆ ಸಾಕು, "12 ಪುಟಕ್ಕೆ 3 ಡಾಲರಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಈ ಪುಟ ಎಣಿಸುವ ಚಟ ಕಾಗದದ ಕಾಲದ್ದು. 1974ರಲ್ಲಿ ಅಮೆರಿಕದ ಟಿಎಸ್‌ಆರ್ ಸಂಸ್ಥೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಒಳಗೆ ಮೂರು ತೆಳ್ಳನೆಯ ಪುಸ್ತಿಕೆ, ಬೆಲೆ 10 ಡಾಲರ್. ಮೊದಲ ಮುದ್ರಣ 1000 ಪ್ರತಿ. ಆ ಬೆಲೆ ಕೈಗೆಟುಕದವರು ಜೆರಾಕ್ಸ್ ಮಾಡಿಕೊಂಡರು. ಅಂದರೆ ಬೆಲೆಯ ಜಗಳಕ್ಕೂ ನಕಲಿಗೂ ಆಟದಷ್ಟೇ ವಯಸ್ಸು.

1978ರಲ್ಲಿ ಅದೇ ಸಂಸ್ಥೆ ಬಿಡಿ ಸಾಹಸಗಳನ್ನು ಮಾರತೊಡಗಿತು. ದೈತ್ಯರ ಕೋಟೆಗೆ ನುಗ್ಗುವ ಮೊದಲನೆಯದರಲ್ಲಿ ಬರಹ ಇದ್ದದ್ದು ಬರೀ 8 ಪುಟ. ಒಳಬದಿಯಲ್ಲಿ ನಕ್ಷೆ ಇರುವ ಒಂದು ರಟ್ಟಿನ ಹೊದಿಕೆ, ಅಷ್ಟೇ. ಅದನ್ನು ಜನ ವರ್ಷಗಟ್ಟಲೆ ಆಡಿದರು. 8 ಪುಟ ಸಾಲದು ಅಂತ ಆ ಆಟ ಆಡಿದವರಿಗೆ ಅನ್ನಿಸಲಿಲ್ಲ ಅಲ್ವಾ? ಆದರೆ ಅಂಗಡಿಯ ಕಪಾಟಿನ ಲೆಕ್ಕ ಬೇರೆ. ಅಲ್ಲಿ ಕಾಗದ, ಮುದ್ರಣ, ಸಾಗಣೆ ಎಲ್ಲಕ್ಕೂ ದುಡ್ಡು ಬೀಳುತ್ತದೆ. ಪುಟ ಹೆಚ್ಚಿದರೆ ಬೆಲೆ ಹೆಚ್ಚು ಅನ್ನುವುದು ಅಲ್ಲಿ ನ್ಯಾಯವೇ.

ಕಾಗದ ಹೋಯಿತು, ಅಳತೆಗೋಲು ಮಾತ್ರ ಉಳಿಯಿತು. ಅಷ್ಟರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯ ಕೈಗೆ ಬಂದಿತ್ತು. 2000ದಲ್ಲಿ ಆ ಸಂಸ್ಥೆ ಓಪನ್ ಗೇಮ್ ಲೈಸೆನ್ಸ್ ಅನ್ನುವ ಪರವಾನಗಿ ತಂದು, ಆ ಆಟದ ಮೂಲ ನಿಯಮಗಳ ಮೇಲೆ ಯಾರು ಬೇಕಾದರೂ ಬರೆದು ಮಾರಬಹುದು ಅಂತ ಬಾಗಿಲು ತೆರೆಯಿತು. ಮರುವರ್ಷ ಆರ್‌ಪಿಜಿನೌ ಅನ್ನುವ ಪಿಡಿಎಫ್ ಅಂಗಡಿ ಬಂತು, 2004ರಲ್ಲಿ ಡ್ರೈವ್‌ಥ್ರೂಆರ್‌ಪಿಜಿ. 2006ರಲ್ಲಿ ಎರಡೂ ಒಂದಾದವು. ಮನೆಯಲ್ಲಿ ಕೂತು ಬರೆಯುವವರಿಗೆ ಮುದ್ರಕನೂ ಬೇಡ, ಗೋದಾಮೂ ಬೇಡ. ಖರ್ಚಿಲ್ಲ ಅಂದಮೇಲೆ ಒಂದೆರಡು ಡಾಲರ್ ಸಾಕು ಅಂತ ಬರೆದವರೇ ಅಂದುಕೊಂಡರು. ತಮ್ಮ ಸಂಜೆಗಳನ್ನು ಯಾರೂ ಖರ್ಚಿಗೆ ಹಿಡಿಯಲಿಲ್ಲ.

ಹಿಡಿದರೆ ಏನಾಗುತ್ತದೆ ನೋಡೋಣ. 12 ಪುಟ ಅಂದರೆ ಸುಮಾರು 5000 ಪದ. ಪದಕ್ಕೆ 5 ಸೆಂಟ್ ಕೂಲಿ ಅಂತ ಇಟ್ಟುಕೊಂಡರೆ 250 ಡಾಲರ್. ಡ್ರೈವ್‌ಥ್ರೂಆರ್‌ಪಿಜಿಯಲ್ಲಿ ಮಾತ್ರ ಮಾರುತ್ತೇನೆ ಅಂದವರಿಗೆ ಬೆಲೆಯ ಶೇ. 70, ಬೇರೆ ಕಡೆಯೂ ಮಾರುವವರಿಗೆ ಶೇ. 65 ಸಿಗುತ್ತದೆ. 2 ಡಾಲರಿನ ಪಿಡಿಎಫ್‌ಗೆ ಶೇ. 65ರ ಲೆಕ್ಕದಲ್ಲಿ ಕೈಗೆ ಬರುವುದು 1 ಡಾಲರ್ 30 ಸೆಂಟ್. ಬರವಣಿಗೆಯ ಕೂಲಿ ಹುಟ್ಟಲಿಕ್ಕೇ 193 ಪ್ರತಿ ಹೋಗಬೇಕು. ಚಿತ್ರ, ನಕ್ಷೆ, ಪುಟವಿನ್ಯಾಸ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

193 ಪ್ರತಿ ಏನು ಮಹಾ ಅನ್ನಿಸಬಹುದು. ಆ ಅಂಗಡಿಯಲ್ಲಿ ಚೆನ್ನಾಗಿ ಮಾರಾಟವಾದದ್ದಕ್ಕೆ ಲೋಹದ ಪದಕ ಕೊಡುತ್ತಾರೆ, ಆಟದೊಳಗಿನ ನಾಣ್ಯಗಳ ಹಾಗೆ. ತಾಮ್ರದ ಪದಕ ಎಷ್ಟಕ್ಕೆ ಗೊತ್ತಾ? 51 ಪ್ರತಿಗೆ. ಬೆಳ್ಳಿ 101ಕ್ಕೆ, ಚಿನ್ನ 501ಕ್ಕೆ. 50 ದಾಟುವುದೇ ಪದಕ ಕೊಡುವಂಥ ಸಾಧನೆಯಾಗಿರುವ ಸಂತೆ ಇದು.

2009ರ ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ನಕಲಿ ಹಾವಳಿಯ ಕಾರಣ ಕೊಟ್ಟು ವಿಝಾರ್ಡ್ಸ್ ತನ್ನ ಪಿಡಿಎಫ್‌ಗಳನ್ನೆಲ್ಲ ಮಾರಾಟದಿಂದ ವಾಪಸ್ ತೆಗೆದುಕೊಂಡಿತು. ಅವು ಮತ್ತೆ ಬಂದದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಕೊಳ್ಳುವವರ ಮನಸ್ಸಿನಲ್ಲಿ ಒಂದು ಅನುಮಾನ ಕೂತಿತು ಅನ್ನುವುದು ನನ್ನ ಊಹೆ: ಇವತ್ತಿದ್ದು ನಾಳೆ ಇಲ್ಲದ ವಸ್ತುವಿಗೆ ಜಾಸ್ತಿ ಯಾಕೆ ಕೊಡಬೇಕು?

2013ರಲ್ಲೇ ಇನ್ನೆರಡು ಸಂಗತಿ ನಡೆದವು. ಆಟ ಬರೆಯುವ ಜಾನ್ ಹಾರ್ಪರ್ ಒಂದೇ ಹಾಳೆಯ ಲೇಸರ್ಸ್ ಅಂಡ್ ಫೀಲಿಂಗ್ಸ್ ಆಟವನ್ನು ಪುಕ್ಕಟೆ ಕೊಟ್ಟರು. ಅದರ ಜಾಡಿನಲ್ಲಿ ಹತ್ತಾರು ಆಟ ಹುಟ್ಟಿದವು, ಹಾಳೆಯ ಆಟ ಅಂದರೆ ಪುಕ್ಕಟೆ ಅನ್ನುವ ಅಭ್ಯಾಸವೂ ಹುಟ್ಟಿತು. ಇನ್ನೊಂದು, ಈವಿಲ್ ಹ್ಯಾಟ್ ಸಂಸ್ಥೆ ಫೇಟ್ ಕೋರ್ ನಿಯಮ ಪುಸ್ತಕದ ಪಿಡಿಎಫ್‌ಗೆ "ಇಷ್ಟ ಬಂದಷ್ಟು ಕೊಡಿ" ಅಂದಿತು. ಉದಾರವಾಗಿಯೇ ಇತ್ತು. ಆದರೆ ಆ ಪುಸ್ತಕಕ್ಕೆ ಜನರಿಂದ ಮುಂಗಡ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಮೊದಲೇ 4,33,000 ಡಾಲರ್ ಕೂಡಿತ್ತು! ಬೆನ್ನ ಹಿಂದೆ ಅಂಥ ಗಂಟಿಲ್ಲದವರೂ ಅದನ್ನೇ ಮಾಡಹೊರಟರು. ಇಷ್ಟ ಬಂದಷ್ಟು ಅಂದರೆ ಸೊನ್ನೆಯೂ ಇಷ್ಟವೇ. ಆಮೇಲೆ ಓದಿ ಕೊಡೋಣ ಅಂತ ಇಳಿಸಿಕೊಂಡವರು ಮರಳಿ ಬಂದು ಕೊಡುವುದು ಅಪರೂಪ. ಅವರು ಕೆಟ್ಟವರೇನಲ್ಲ, ಸುಮ್ನೆ ಮರೆತುಹೋಗುತ್ತದೆ.

1 ಡಾಲರ್ ಇಡುವುದೂ ಜಾಣತನವಲ್ಲ. ಅಮೆರಿಕದಲ್ಲಿ ಆನ್‌ಲೈನ್ ಪಾವತಿಗೆ ಬಹಳ ಕಾಲ ನಡೆದುಬಂದ ಶುಲ್ಕ ಶೇ. 2.9, ಅದರ ಮೇಲೆ 30 ಸೆಂಟ್. ಹಣ ನೇರವಾಗಿ ಬರೆದವರ ಖಾತೆಗೆ ಬಂದರೆ, 1 ಡಾಲರಿನಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಹೋಯಿತು. 5 ಡಾಲರಾದರೆ ಹೋಗುವುದು ಹತ್ತನೇ ಒಂದು ಭಾಗಕ್ಕೂ ಕಮ್ಮಿ.

2013ರಲ್ಲೇ ಶುರುವಾದ ಇಚ್ ಡಾಟ್ ಐಓ ತಾಣ ಆಮೇಲೆ ಒಂದು ವಿಚಿತ್ರ ಅವಕಾಶ ಕೊಟ್ಟಿತು. ಅಂಗಡಿಗೆ ಎಷ್ಟು ಪಾಲು ಅನ್ನುವುದನ್ನು ಮಾರುವವರೇ ಹೇಳಬಹುದು, ಏನೂ ಹೇಳದಿದ್ದರೆ ಶೇ. 10. ಇನ್ನೊಂದು ತುದಿಯಲ್ಲಿ 2016ರಲ್ಲಿ ಬಂದ ಡಿಎಂಸ್ ಗಿಲ್ಡ್ ಅನ್ನುವ ಪಿಡಿಎಫ್ ಅಂಗಡಿ. ಅಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹೆಸರು, ಲೋಕ ಎಲ್ಲ ಬಳಸಬಹುದು, ಆದರೆ ಬರೆದವರಿಗೆ ಸಿಗುವುದು ಅರ್ಧ. 2019ರ ಫೆಬ್ರವರಿಯಲ್ಲಿ ಕಿಕ್‌ಸ್ಟಾರ್ಟರ್‌ನ ಝೈನ್ ಕ್ವೆಸ್ಟ್ ಬಂತು. ಮಡಿಸಿ ಪಿನ್ ಹೊಡೆದ ಸಣ್ಣ ಪುಸ್ತಿಕೆಗಳಿಗೆ ಮುಂಚಿತವಾಗಿಯೇ ದುಡ್ಡು ಕೂಡಿಸುವ ದಾರಿ. ಕೈಗೆ ಸಿಗುವ ಕಾಗದ ಮತ್ತೆ ಬಂದದ್ದೇ ತಡ, ಅದೇ ಬರಹಕ್ಕೆ ಜನ ಹೆಚ್ಚು ಕೊಡಲು ಹಿಂದೆಮುಂದೆ ನೋಡಲಿಲ್ಲ.

2020ರ ಜೂನ್‌ನಲ್ಲಿ ಇಚ್‌ನಲ್ಲಿ ಜನಾಂಗೀಯ ನ್ಯಾಯಕ್ಕಾಗಿ ದೊಡ್ಡ ಕಟ್ಟೊಂದು ಮಾರಾಟವಾಯಿತು. ಕನಿಷ್ಠ 5 ಡಾಲರ್‌ಗೆ 1700ಕ್ಕೂ ಹೆಚ್ಚು ಕೃತಿಗಳು, ಅದರಲ್ಲಿ ಮೇಜಿನ ಮೇಲೆ ಆಡುವಂಥವೂ ಬಹಳ. 8 ಲಕ್ಷಕ್ಕೂ ಹೆಚ್ಚು ಜನ ಸೇರಿ 81 ಲಕ್ಷ ಡಾಲರ್ ಕೊಟ್ಟರು, ಎಲ್ಲ ದಾನಕ್ಕೆ. ಕೆಲಸ ಒಳ್ಳೆಯದು, ಎರಡು ಮಾತಿಲ್ಲ. ಆದರೆ ಒಂದೊಂದು ಕೃತಿಗೆ ಒಂದು ಸೆಂಟ್ ಕೂಡ ಬೀಳದಂಥ ದರ ಅದು. ನನ್ನ ಫೋಲ್ಡರಿನಲ್ಲೂ ಆ ಕಟ್ಟು ಇದೆ. ತೆರೆದು ನೋಡಿದ್ದು ಕೈಬೆರಳಲ್ಲಿ ಎಣಿಸುವಷ್ಟು.

ಚಿಕ್ಕದಾಗಿ ಬರೆಯುವುದು ಸಲೀಸು ಅಂತ ಪುಟ ಎಣಿಸುವವರು ಅಂದುಕೊಳ್ಳುತ್ತಾರೆ. ಆಟ ನಡೆಸುವವರನ್ನು ಕೇಳಿ. 40 ಪುಟದಲ್ಲಿ ಬೇಕಾದ್ದನ್ನು ಹುಡುಕುವಷ್ಟರಲ್ಲಿ ಮೇಜಿನ ಸುತ್ತ ಇರುವವರು ಮೊಬೈಲ್ ಕೈಗೆತ್ತಿಕೊಂಡಿರುತ್ತಾರೆ. ಅದನ್ನೇ 12 ಪುಟಕ್ಕೆ ಇಳಿಸಲು ತಿದ್ದಬೇಕು, ಆಡಿ ನೋಡಬೇಕು, ಮತ್ತೆ ತಿದ್ದಬೇಕು. ಜೊತೆಗೆ ಕೊಳ್ಳುವವರು ಒಬ್ಬರು, ಆಡುವವರು ಐವರು. 6 ಡಾಲರ್ ಇಟ್ಟರೂ ತಲೆಗೆ ಬೀಳುವುದು 1 ಡಾಲರ್ 20 ಸೆಂಟ್.

ಹಾಗಂತ 6 ಡಾಲರ್ ಎಲ್ಲರ ಹತ್ತಿರ ಇರುವುದಿಲ್ಲ. ಅದಕ್ಕೆ ಇಚ್‌ನ ಬರಹಗಾರರು ಕಂಡುಕೊಂಡ ದಾರಿ "ಕಮ್ಯೂನಿಟಿ ಕಾಪಿ". ಬೆಲೆಯನ್ನು ತಗ್ಗಿಸುವುದಿಲ್ಲ. ಒಬ್ಬರು ಪೂರ್ತಿ ಬೆಲೆ ಕೊಟ್ಟು ಕೊಂಡಾಗ ಇನ್ನೊಂದು ಪ್ರತಿಯನ್ನು ಪುಕ್ಕಟೆ ಸಾಲಿಗೆ ಸೇರಿಸುತ್ತಾರೆ. ಕೊಡಲಾಗದವರು ಅಲ್ಲಿಂದ ತೆಗೆದುಕೊಳ್ಳಬಹುದು, ಯಾಕೆ ಅಂತ ಯಾರೂ ಕೇಳುವುದಿಲ್ಲ.