ಬೇಟೆಗಾರ ಒಲ್ಲೆನೆಂದ (2)

‘ರಾಮನಗರದೊಳಗೆ ಸಿಕ್ಕ ಒಡವೆ (2)’. ಸುಳಿವು ಇಷ್ಟೇ, ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ. ಓದಿದ ಕೂಡಲೇ ಮನಸ್ಸು ಕಳವಿನ ಸುದ್ದಿಯ ಕಡೆ ಓಡುತ್ತದೆ: ಪೊಲೀಸರು, ದಾಳಿ, ವಶಪಡಿಸಿಕೊಂಡ ಚಿನ್ನ. ಆ ಕಥೆಯನ್ನೆಲ್ಲ ಪಕ್ಕಕ್ಕಿಟ್ಟು ಊರಿನ ಹೆಸರನ್ನು ಬರಿಯ ಅಕ್ಷರಗಳ ಸಾಲಾಗಿ ನೋಡಿ. ರಾ, ಮ, ನ, ಗ, ರ. ಒಳಗೆ ‘ನಗ’ ಸಿಕ್ಕಿತು. ನಗವೆಂದರೆ ಒಡವೆಯೇ.

ಗೂಢ ಪದಬಂಧದ ಸೊಗಸು ಇದು. ಸಾಮಾನ್ಯ ಪದಬಂಧ ನಮಗೇನು ಗೊತ್ತಿದೆ ಎಂದು ಪರೀಕ್ಷಿಸುತ್ತದೆ. ಗೂಢ ಪದಬಂಧ ಬೇಕಾದದ್ದನ್ನೆಲ್ಲ ಕಣ್ಣೆದುರೇ ಇಟ್ಟು, ಕಾಣುತ್ತದೆಯೇ ಎಂದು ಕೇಳುತ್ತದೆ. ಸುಳಿವಿನ ಒಂದು ತುದಿಯಲ್ಲಿ ಉತ್ತರದ ಅರ್ಥವಿರುತ್ತದೆ, ಉಳಿದ ಭಾಗದಲ್ಲಿ ಆ ಪದವನ್ನು ಕಟ್ಟುವ ಬಗೆ ಇರುತ್ತದೆ. ಎರಡೂ ಒಂದೇ ಪದಕ್ಕೆ ಬಂದು ಮುಟ್ಟಬೇಕು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬ ಪತ್ರಕರ್ತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಪದಬಂಧ ಪ್ರಕಟಿಸಿದಾಗ ಈ ಗೂಢತೆ ಇರಲಿಲ್ಲ. ಅದು ಬೆಳೆದದ್ದು ಬ್ರಿಟನ್ನಿನಲ್ಲಿ. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ ‘ಟಾರ್ಕೆಮಾಡ’ ಎಂಬ ಗುಪ್ತನಾಮದ ಎಡ್ವರ್ಡ್ ಪೋವಿಸ್ ಮ್ಯಾದರ್ಸ್ ಓದುಗರನ್ನು ಹಣ್ಣುಗಾಯಿ ಮಾಡಿದರು. ಅವರ ನಂತರ ಬಂದ ‘ಝಿಮೆನೀಸ್’ ಈ ಆಟಕ್ಕೆ ನ್ಯಾಯದ ಕಟ್ಟಳೆಗಳನ್ನು ರೂಪಿಸಿದರು. ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ನನಗೆ ಈ ಆಟದ ಮೇಲಿರುವ ಗೌರವವೆಲ್ಲ ಈ ಒಂದು ನಿಯಮದಿಂದ ಬಂದದ್ದು.

ಹಾಗಾದರೆ ಎದುರಿಗಿರುವುದು ಏಕೆ ಕಾಣುವುದಿಲ್ಲ? 1979ರಲ್ಲಿ ಡೇವಿಡ್ ಸ್ವಿನ್ನಿ ಎಂಬ ಮನೋವಿಜ್ಞಾನಿ ಒಂದು ಜಾಣ ಪ್ರಯೋಗ ಮಾಡಿದರು. ಇಂಗ್ಲಿಷಿನ ‘ಬಗ್’ ಎಂದರೆ ಹುಳವೂ ಹೌದು, ಕದ್ದಾಲಿಸುವ ಉಪಕರಣವೂ ಹೌದು. ಜೇಡ, ಜಿರಲೆಗಳ ಮಾತಿನ ನಡುವೆ ಆ ಪದ ಕಿವಿಗೆ ಬಿದ್ದ ಕ್ಷಣದಲ್ಲೇ ಪರದೆಯ ಮೇಲೆ ‘ಇರುವೆ’ ಎಂಬ ಪದ ತೋರಿಸಿದರೂ ‘ಗೂಢಚಾರ’ ಎಂಬ ಪದ ತೋರಿಸಿದರೂ ಜನ ಬೇಗ ಗುರುತಿಸಿದರು. ಮೂರು ಉಚ್ಚಾರಾಂಶಗಳಷ್ಟು ಹೊತ್ತು ಕಳೆದ ಮೇಲೆ ತೋರಿಸಿದಾಗ ಇರುವೆಗೆ ಮಾತ್ರ ಆ ಅನುಕೂಲ ಉಳಿದಿತ್ತು. ಅಂದರೆ ಪದದ ಎರಡೂ ಅರ್ಥಗಳು ಮಿದುಳಿನಲ್ಲಿ ಒಮ್ಮೆ ಏಳುತ್ತವೆ. ಸಂದರ್ಭಕ್ಕೆ ಒಗ್ಗದ್ದನ್ನು ಮಿದುಳು ನಮಗರಿವಿಲ್ಲದೆ ತಳ್ಳಿಹಾಕುತ್ತದೆ. ಸರಾಗವಾಗಿ ಓದಲು ಇದು ಬೇಕೇ ಬೇಕು. ಸುಳಿವು ಹೆಣೆಯುವವರು ಬಲೆ ಬೀಸುವುದೂ ಇಲ್ಲಿಯೇ. ‘ಬೇಟೆಗಾರ ಒಲ್ಲೆನೆಂದ’ ಎಂಬುದು ಅಚ್ಚುಕಟ್ಟಾದ ವಾಕ್ಯ. ಹಾಗಾಗಿ ಅದನ್ನು ಎರಡು ತುಂಡು ಮಾಡಬೇಕೆಂದು ತೋಚುವುದೇ ಇಲ್ಲ. ಬೇಟೆಗಾರನೂ ‘ಬೇಡ’, ನಿರಾಕರಣೆಯೂ ‘ಬೇಡ’.

ಉತ್ತರ ಹೊಳೆಯುವ ಗಳಿಗೆಯ ಬಗ್ಗೆಯೂ ಸಂಶೋಧನೆ ನಡೆದಿದೆ. ಮಾರ್ಕ್ ಜಂಗ್-ಬೀಮನ್, ಜಾನ್ ಕೂನಿಯೋಸ್ ಮತ್ತು ಸಂಗಡಿಗರು 2004ರಲ್ಲಿ ಪದ ಸಮಸ್ಯೆಗಳನ್ನು ಕೊಟ್ಟು ಮಿದುಳಿನ ಚಟುವಟಿಕೆಯನ್ನು ದಾಖಲಿಸಿದರು. ಪೈನ್, ಕ್ರ್ಯಾಬ್, ಸಾಸ್: ಮೂರಕ್ಕೂ ಹೊಂದುವ ಇನ್ನೊಂದು ಪದ ಯಾವುದು? ಆಪಲ್: ಪೈನಾಪಲ್, ಕ್ರ್ಯಾಬ್ ಆಪಲ್, ಆಪಲ್ ಸಾಸ್. ಉತ್ತರ ಥಟ್ಟನೆ ಹೊಳೆದಾಗಲೆಲ್ಲ, ಅದಕ್ಕೆ ಸುಮಾರು 0.3 ಸೆಕೆಂಡ್ ಮೊದಲು ಬಲ ಕಿವಿಯ ಮೇಲ್ಭಾಗದ ಮಿದುಳಿನಲ್ಲಿ ಗಾಮಾ ಎಂಬ ವೇಗದ ವಿದ್ಯುತ್ ಅಲೆಗಳು ಚಿಮ್ಮುತ್ತಿದ್ದವು. ಒಂದೊಂದೇ ಸಾಧ್ಯತೆಯನ್ನು ಪರಿಶೀಲಿಸಿ ಉತ್ತರ ಕಂಡುಕೊಂಡಾಗ ಈ ಚಿಮ್ಮು ಇರಲಿಲ್ಲ. ದೂರದ ಅರ್ಥಗಳನ್ನು ಬೆಸೆಯುವ ಕೆಲಸಕ್ಕೂ ಆ ಭಾಗಕ್ಕೂ ನಂಟಿದೆ ಎಂದು ಅವರು ವಾದಿಸಿದರು. ಕರೋಲಾ ಸಾಲ್ವಿ ಅವರ ತಂಡ 2016ರಲ್ಲಿ ತೋರಿಸಿದಂತೆ, ಹೀಗೆ ಹೊಳೆದ ಉತ್ತರಗಳು ಲೆಕ್ಕ ಹಾಕಿ ಹೇಳಿದ ಉತ್ತರಗಳಿಗಿಂತ ಹೆಚ್ಚಾಗಿ ಸರಿಯಾಗಿರುತ್ತವೆ.

ಬ್ರಿಟನ್ನಿನ ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ಯಾಥರಿನ್ ಫ್ರೀಡ್‌ಲ್ಯಾಂಡರ್ ಮತ್ತು ಫಿಲಿಪ್ ಫೈನ್ ನೂರಾರು ಪದಬಂಧಪ್ರಿಯರನ್ನು ವಿಚಾರಿಸಿ ನೋಡಿದರು. ಭಾಷೆ, ಸಾಹಿತ್ಯ ಓದಿದವರೇ ಮುಂದಿರುತ್ತಾರೆ ಎಂದುಕೊಂಡರೆ, ನಿಪುಣರಲ್ಲಿ ಗಣಿತ, ವಿಜ್ಞಾನ, ಕಂಪ್ಯೂಟರ್ ಹಿನ್ನೆಲೆಯವರು ಎದ್ದು ಕಂಡರು. ನನಗೆ ಇದು ಸಹಜವೆನಿಸುತ್ತದೆ. ಇಂಗ್ಲಿಷಿನ ಪ್ರಸಿದ್ಧ ಸುಳಿವೊಂದರಲ್ಲಿ ಇರುವುದು ಎಚ್, ಐ, ಜೆ, ಕೆ, ಎಲ್, ಎಂ, ಎನ್, ಒ ಎಂಬ ಎಂಟು ಅಕ್ಷರ ಮಾತ್ರ. ‘ಎಚ್ ಟು ಒ’ ಎಂದು ಓದಿಕೊಂಡರೆ ನೀರು, ಐದು ಅಕ್ಷರದ ವಾಟರ್. ಪದವನ್ನು ಅರ್ಥದಿಂದ ಬಿಡಿಸಿ ಸಂಕೇತವಾಗಿ ನೋಡುವ ಅಭ್ಯಾಸವಿದ್ದವರಿಗೆ ಇದು ಸಲೀಸು. 1942ರ ಜನವರಿಯಲ್ಲಿ ಡೈಲಿ ಟೆಲಿಗ್ರಾಫ್ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ಏರ್ಪಡಿಸಿದಾಗ, ಭಾಗವಹಿಸಿದ ಕೆಲವರಿಗೆ ಬಳಿಕ, ಮಹಾಯುದ್ಧದಲ್ಲಿ ಶತ್ರುಗಳ ಗುಪ್ತ ಸಂದೇಶಗಳನ್ನು ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕ್ ಕೇಂದ್ರದ ಸಂಕೇತ ಭೇದಕರಿಂದ ಕರೆ ಬಂದದ್ದೂ ಇದೇ ಕಾರಣಕ್ಕೆ. ನಮ್ಮಲ್ಲಿ ದಿ ಹಿಂದೂ ಪತ್ರಿಕೆಯ ಪದಬಂಧ ಆರಂಭವಾದದ್ದು 1971ರಲ್ಲಿ. ಬೆಳಗಿನ ಕಾಫಿಯ ಜೊತೆ ಅದನ್ನು ಬಿಡಿಸುವ ಕನ್ನಡಿಗರು ಈಗಲೂ ಇದ್ದಾರೆ.

ಮಾತನ್ನು ಒಡೆದು ಆಡುವ ಈ ಚಟ ನಮಗೆ ಹೊಸತೇನಲ್ಲ. ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ವಿವರಿಸುತ್ತಾನೆ. ಮೊದಲನೆಯದು ‘ಸಮಾಗತಾ’: ಪದಗಳ ಸಂಧಿಯಲ್ಲಿ ಅರ್ಥ ಅಡಗಿರುವ ಒಗಟು. ಪ್ರಹೇಳಿಕೆಗಳ ಉಪಯೋಗವನ್ನೂ ಅವನು ಹೇಳುತ್ತಾನೆ: ಗೋಷ್ಠಿಯ ವಿನೋದಕ್ಕೆ, ಜನರ ನಡುವೆ ಬಲ್ಲವರು ಗುಟ್ಟಾಗಿ ಮಾತಾಡಿಕೊಳ್ಳುವುದಕ್ಕೆ, ಇತರರನ್ನು ತಬ್ಬಿಬ್ಬು ಮಾಡುವುದಕ್ಕೆ. ಗೋಷ್ಠಿಯನ್ನು ಅವನು ಮೊದಲು ಹೇಳಿರುವುದು ನನಗೆ ಬಹಳ ಹಿಡಿಸುತ್ತದೆ. ಒಬ್ಬರೇ ಕುಳಿತು ಬಿಡಿಸಿದಾಗ ಎಷ್ಟೋ ಸಲ ಅಡ್ಡ ಬರುವ ಅಕ್ಷರಗಳಿಂದ ಉತ್ತರ ಸಿಕ್ಕಿಬಿಡುತ್ತದೆ, ಅದು ಏಕೆ ಸರಿ ಎಂಬುದು ತಿಳಿಯುವುದಿಲ್ಲ. ಗೆಳೆಯರೊಬ್ಬರು ಸುಳಿವನ್ನು ಬಿಡಿಸಿ ತೋರಿಸಿದಾಗ ಬೆಳಕು ಎರಡನೆಯ ಸಲ ಹೊಳೆಯುತ್ತದೆ. ಆಮೇಲೆ ವಾದ ಶುರು.

ಸಂಧಿಯದೇ ಒಂದು ಸುಳಿವು: ‘ಬಿಸಿ ಹೆಚ್ಚಿ ತಮಿಳುನಾಡಿಗೆ ಹೋದವಳು (3)’. ಕಾವು, ಏರಿ, ಲೋಪಸಂಧಿಯಾದರೆ ಕಾವೇರಿ. ಕೂಟದಲ್ಲಿ ಇಂಥದ್ದನ್ನು ಮುಂದಿಟ್ಟರೆ ಯಾರಾದರೊಬ್ಬರು ತಕರಾರು ತೆಗೆಯದೆ ಬಿಡುವುದಿಲ್ಲ: ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕೂಡ ತಮಿಳುನಾಡಿಗೇ ಹೋಗುತ್ತದೆ, ದಕ್ಷಿಣ ಪಿನಾಕಿನಿಯೂ ಅಲ್ಲಿಗೇ ಹೋಗುತ್ತದೆ, ಸುಳಿವು ಸಡಿಲವಾಯಿತು! ತಕರಾರು ನ್ಯಾಯವಾದದ್ದೇ. ಅರ್ಥದ ತುದಿಯೊಂದನ್ನೇ ಹಿಡಿದರೆ ಮೂರು ನದಿಗಳು ಬಂದು ನಿಲ್ಲುತ್ತವೆ. ಆದರೆ ಪಾಲಾರಿನಲ್ಲಿ ಕಾವೂ ಇಲ್ಲ, ಏರಿಯೂ ಇಲ್ಲ.