ತೋಳಿನಿಂದ ತೋಳಿಗೆ ಸಾಗಿ ಬಂದ ದಾಕು

ಮೈಸೂರು ಅರಮನೆಯ ಮೂವರು ಹೆಂಗಸರ ಒಂದು ತೈಲಚಿತ್ರವಿದೆ. ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ 1805ರ ಸುಮಾರಿಗೆ ಬಿಡಿಸಿದ್ದು. ಇವರು ನರ್ತಕಿಯರಿರಬೇಕು ಅಂತ ಬಹಳ ಕಾಲ ನಂಬಿದ್ದರು. ಆದರೆ ಬಲಗಡೆಯ ಹುಡುಗಿಯನ್ನು ನೋಡಿ. ಸೆರಗಿನ ಅಂಚು ಹಿಡಿದು, ಇಲ್ಲಿ ನೋಡಿ ಎನ್ನುವಂತೆ ತೋಳಿನತ್ತ ಕೈ ಮಾಡಿದ್ದಾಳೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಪ್ರಕಾರ ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ರಾಣಿ ದೇವಾಜಮ್ಮಣ್ಣಿ. ತೋರಿಸುತ್ತಿರುವುದು ಸಿಡುಬಿನ ದಾಕು ಹಾಕಿಸಿಕೊಂಡ ಜಾಗ.

ಅರಮನೆಯ ಹೆಣ್ಣುಮಗಳು ಹೀಗೆ ತೋಳು ತೋರಿಸಬೇಕಾದ ಅಗತ್ಯ ಏನಿತ್ತು?

ಸಿಡುಬು ಅಂದರೆ ಆಗ ಸಾವಿನ ಇನ್ನೊಂದು ಹೆಸರು. ಬಂದ ಹತ್ತು ಜನರಲ್ಲಿ ಸುಮಾರು ಮೂವರು ಉಳಿಯುತ್ತಿರಲಿಲ್ಲ. ಉಳಿದವರಿಗೂ ಮುಖದ ತುಂಬ ಕುಳಿ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ನಮ್ಮಲ್ಲಿ ರೋಗದ ಹೆಸರು ಹೇಳಲೂ ಹೆದರಿ ‘ಅಮ್ಮ’ ಎನ್ನುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ಹರಕೆ ಹೊತ್ತು ಕಾಯುತ್ತಿದ್ದರು. ಹಾಗಂತ ಜನ ಸುಮ್ನೆ ಕೂತಿದ್ದರು ಅಂತಲ್ಲ. ರೋಗಿಯ ಗುಳ್ಳೆಯ ಕೀವನ್ನೇ ಸ್ವಲ್ಪ ತೆಗೆದು ಆರೋಗ್ಯವಂತರ ಚರ್ಮಕ್ಕೆ ಚುಚ್ಚುವ ಪದ್ಧತಿ ಭಾರತ, ಚೀನಾ, ಟರ್ಕಿಗಳಲ್ಲಿ ಮೊದಲೇ ಇತ್ತು. ಬಂಗಾಳದಲ್ಲಿ ಇದನ್ನು ಮಾಡುವ ಟೀಕಾದಾರರೇ ಇದ್ದರು. ಆದರೆ ಚುಚ್ಚಿದ್ದು ನಿಜವಾದ ಸಿಡುಬನ್ನೇ. ನೂರಕ್ಕೆ ಒಬ್ಬಿಬ್ಬರು ಅದರಿಂದಲೇ ಸಾಯುತ್ತಿದ್ದರು. ಬದುಕಿದವರಿಂದ ಅಕ್ಕಪಕ್ಕದವರಿಗೂ ಅಂಟುತ್ತಿತ್ತು.

ಇಂಗ್ಲೆಂಡಿನ ಹಳ್ಳಿ ವೈದ್ಯ ಎಡ್ವರ್ಡ್ ಜೆನ್ನರ್ ಕೇಳಿಸಿಕೊಂಡದ್ದು ಹಾಲು ಕರೆಯುವವರ ಮಾತನ್ನು. ಹಸುವಿನ ಕೆಚ್ಚಲಿನ ಗುಳ್ಳೆ ಕೈಗೆ ಅಂಟಿದರೆ ಸಿಡುಬು ಹತ್ತಿರ ಸುಳಿಯಲ್ಲ ಅನ್ನುವುದು ಅವರ ನಂಬಿಕೆ. 1796ರ ಮೇ 14ರಂದು ಆತ ಸಾರಾ ನೆಲ್ಮ್ಸ್ ಎಂಬ ಹಾಲಿನ ಹುಡುಗಿಯ ಕೈಯ ಗುಳ್ಳೆಯಿಂದ ರಸ ತೆಗೆದು, ಎಂಟು ವರ್ಷದ ಜೇಮ್ಸ್ ಫಿಪ್ಸ್‌ಗೆ ಚುಚ್ಚಿದ. ಆಮೇಲೆ ಅದೇ ಹುಡುಗನಿಗೆ ನಿಜವಾದ ಸಿಡುಬನ್ನೂ ಚುಚ್ಚಿ ನೋಡಿದ. ಏನೂ ಆಗಲಿಲ್ಲ. ಇವತ್ತಾದರೆ ಅಂಥ ಪ್ರಯೋಗಕ್ಕೆ ಯಾರೂ ಒಪ್ಪುವುದಿಲ್ಲ, ಅಲ್ವಾ? ‘ವ್ಯಾಕ್ಸಿನ್’ ಎಂಬ ಪದ ಬಂದದ್ದೂ ಹಸುವಿನ ಲ್ಯಾಟಿನ್ ಹೆಸರು ‘ವಾಕ್ಕಾ’ದಿಂದಲೇ.

ಕಂಡುಹಿಡಿದದ್ದಾಯಿತು, ಆದರೆ ಸಾಗಿಸುವುದು ಹೇಗೆ? ದಾರಕ್ಕೆ ಹಚ್ಚಿ ಒಣಗಿಸಿದ ರಸ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಕೆಡದ ಪಾತ್ರೆ ಅಂದರೆ ಜೀವಂತ ಮನುಷ್ಯನ ಮೈ ಮಾತ್ರ. ಒಬ್ಬರಿಗೆ ಚುಚ್ಚಬೇಕು, ಎಂಟು ಹತ್ತು ದಿನಕ್ಕೆ ಗುಳ್ಳೆ ಮಾಗುತ್ತದೆ, ಅದರ ರಸ ಇನ್ನೊಬ್ಬರ ತೋಳಿಗೆ. ಸ್ಪೇನಿನ ರಾಜ 1803ರಲ್ಲಿ ಅಮೆರಿಕ ಖಂಡಕ್ಕೆ ದಾಕು ಕಳಿಸಿದ್ದು ಹೀಗೇ. ಹಡಗಿನಲ್ಲಿ ಇಪ್ಪತ್ತೆರಡು ಅನಾಥ ಹುಡುಗರು, ದಾರಿಯುದ್ದಕ್ಕೂ ಸರದಿಯಂತೆ ಇಬ್ಬಿಬ್ಬರಿಗೆ ಚುಚ್ಚುತ್ತಾ ಹೋದರು. ನಮ್ಮ ದೇಶಕ್ಕೆ ಅದು ಬಾಗ್ದಾದ್, ಬಸ್ರಾ ದಾಟಿ ಬಂತು. 1802ರ ಜೂನ್ 14ರಂದು ಮುಂಬೈಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ದಾಕು ಮೊದಲ ಸಲ ಎದ್ದಿತು. ಅಲ್ಲಿಂದ ಮುಂದಿನ ತೋಳುಗಳಿಗೆ, ಮುಂದಿನ ಊರುಗಳಿಗೆ.

ತೊಡಕು ಇಲ್ಲೇ ಶುರುವಾಯಿತು. ಯಾರ ತೋಳಿನದು, ಯಾವ ಜಾತಿಯವರದು ಅನ್ನುವುದು ಜನರ ಮೊದಲ ಪ್ರಶ್ನೆ. ಟೀಕಾದಾರರಿಗೆ ಹೊಟ್ಟೆಪಾಡಿನ ಚಿಂತೆ. ಜೊತೆಗೆ ಚುಚ್ಚುವವರು ಈಸ್ಟ್ ಇಂಡಿಯಾ ಕಂಪನಿಯವರು. 1799ರಲ್ಲಿ ಟಿಪ್ಪುವನ್ನು ಸೋಲಿಸಿ, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿದ ಕಂಪನಿ. ಅಂಥವರ ಸೂಜಿಯನ್ನು ನಂಬುವುದು ಸುಲಭವೇ? ಜನರ ಅನುಮಾನವನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ತೋಳಿನಿಂದ ತೋಳಿಗೆ ಹೋಗುವಾಗ ಬೇರೆ ರೋಗಗಳೂ ಅಂಟುತ್ತಿದ್ದುದು ನಿಜವೇ ಆಗಿತ್ತು.

ರಾಣಿಯ ತೋಳು ಕೆಲಸ ಮಾಡಿದ್ದು ಅಲ್ಲಿ. ದೇವಾಜಮ್ಮಣ್ಣಿಯವರು ಹಾಕಿಸಿಕೊಂಡ ಮೇಲೆ ಜನರೂ ಮುಂದೆ ಬಂದರು ಎಂದು 1806ರ ದಾಖಲೆ ಹೇಳುತ್ತದೆ. ಚಿತ್ರದ ಎಡಗಡೆಯ ಹೆಂಗಸಿನ ಮೂಗು, ಬಾಯಿಯ ಸುತ್ತ ಬಣ್ಣ ಕೊಂಚ ಮಾಸಿದಂತಿದೆ. ಅದು ನಿಜವಾದ ಸಿಡುಬನ್ನೇ ಕೊಡುತ್ತಿದ್ದ ಹಳೆಯ ಪದ್ಧತಿಯ ಗುರುತು ಎನ್ನುತ್ತಾರೆ ಚಾನ್ಸೆಲರ್. ಹಾಗಾದರೆ ಹಳತು, ಹೊಸತು ಎರಡೂ ಒಂದೇ ಚಿತ್ರದಲ್ಲಿವೆ.

ಆದರೂ ರೋಗ ಹೋಗಲು ಇನ್ನೂ 170 ವರ್ಷ ಬೇಕಾಯಿತು. ಮಧ್ಯೆ ಕರುಗಳ ಮೈಯಲ್ಲಿ ಲಸಿಕೆ ಬೆಳೆಸುವುದು ಬಂತು, ಆಮೇಲೆ ಬಿಸಿಲಿಗೆ ಕೆಡದ ಒಣ ಲಸಿಕೆ, ತುದಿ ಕವಲೊಡೆದ ಸೂಜಿ. 1974ರಲ್ಲೂ ಭಾರತದಲ್ಲಿ 15,000ಕ್ಕೂ ಜಾಸ್ತಿ ಜನ ಸತ್ತರು. ಕೊನೆಗೆ ಗೆದ್ದದ್ದು ಎಲ್ಲರಿಗೂ ಚುಚ್ಚುವ ಹಟದಿಂದಲ್ಲ. ಮನೆ ಮನೆ ತಿರುಗಿ ರೋಗಿಯನ್ನು ಹುಡುಕಿ, ಸುತ್ತಲಿನವರಿಗೆಲ್ಲ ತಕ್ಷಣ ದಾಕು ಹಾಕಿದ್ದರಿಂದ. 1975ರ ಮೇ ನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರ ಮೇ 8ರಂದು ಇಡೀ ಜಗತ್ತೇ ಮುಕ್ತ ಎಂದು ಘೋಷಣೆಯಾಯಿತು.

ನಿಮ್ಮ ಅಜ್ಜಿಯ ತೋಳಲ್ಲಿ ಕಾಸಿನಗಲದ ಕಲೆ ಇದ್ದರೆ ಅದು ಈ ದಾಕಿನದೇ ಇರಬಹುದು. ಆಮೇಲೆ ಹುಟ್ಟಿದವರ ತೋಳಿನ ಕಲೆ ಸಾಮಾನ್ಯವಾಗಿ ಕ್ಷಯದ ಬಿಸಿಜಿ ಚುಚ್ಚುಮದ್ದಿನದು.